ಹೊಟ್ಟೆ ಸೀಳಿದ ಬ

ಗುಳಿಗಿ ಮೂವತ್ತು. ದಿನಕ್ಕೊಂದು, ಮುಂಜಾನೆ, ಚಾ ಕುಡದ ಮ್ಯಾಲ.
ಧಾರವಾಡದ ಡಾಕ್ಟರು ಬರಕೊಟ್ಟ ಚೀಟಿ
ಅಬ್ಬಾನ ಕಿಸೆದಾಗ ನಾಕು ಮಡಿಕಿ.
‘ಮೂರು ವಾರ ತಡೀರಿ, ದಾವಲಸಾಬ್ರ’ ಅಂದಿದ್ರು.
ಅಬ್ಬಾ ನನ್ನ ಕಡೆ ನೋಡಿದ:
ತಲಿನೋವಿನ ಗುಳಿಗಿ ಅರ್ಧ ತಾಸಿಗೆ ಮುಟ್ಟತೈತಿ,
ಇದಕ್ಯಾಕ ಮೂರು ವಾರ? ನಡಕೊಂತ ಹೋಗತೈತೇನು?

ನಾ ಅದ ಊರಾಗ, ಗುಡ್ಡದ ಮ್ಯಾಲಿನ ಲ್ಯಾಬಿನಾಗ
ಇಲಿ ಮಿದುಳು ಕೊಯ್ಯಾಕಿ.
ಕೂದಲಿಗಿಂತ ತೆಳ್ಳಗ ಕೊಯ್ದು, ಬಣ್ಣ ಕುಡಿಸಿ, ಗಾಜಿಗೆ ಏರಸ್ತೀನಿ.
ಔಷಧ ಕೊಟ್ಟು ತೊಂಬತ್ತು ನಿಮಿಷ ಆಗಿರಬೇಕು,
ಆವಾಗ ಕಾಣತಾವು ಕರಿ ಚುಕ್ಕಿ,
ಎಚ್ಚರಾದ ಜೀನಿನ ಗುರುತು,
ಇನ್ನೂ ಶಾಯಿ ಆರದ ಪ್ರೂಫಿನಂಗ.
ಒಂದು, ಎರಡು, ನೂರಾ ಹನ್ನೊಂದು...
ಕಣ್ಣು ಮುಚ್ಚಿದ್ರೂ ಚುಕ್ಕಿ.

ಇದನ್ನ ಅಬ್ಬಾಗ ಹ್ಯಾಂಗ ಹೇಳಲಿ?
ಗದಗಿನ ಪ್ರೆಸ್ಸಿನಾಗ ಮೂವತ್ತೊಂದು ವರ್ಷ
ಮೊಳಿ ಜೋಡಿಸಿದಾಂವ.
ಮನ್ಯಾಗ ಮಾತು ಬ್ಯಾರೆ, ಕೈಯಾಗ ಕನ್ನಡ,
ಅದೂ ತಿರುಗಾಮುರುಗಾ, ಕನ್ನಡಿಯೊಳಗಿನ ಕನ್ನಡ.

ಹಿಂಗಂದೆ:
ಸೆರೊಟೋನಿನ್ ಅಂದ್ರ ಪ್ರೆಸ್ಸಿಗೆ ಬರೂ ಹುಡುಗ.
ಅಂವ ಒಳಗ ಕಾಲಿಡೂದಿಲ್ಲ.
ಬಾಗಿಲ ಚಿಲಕ ತಿರುವತಾನ, ಹೋಗತಾನ.
ಚಿಲಕದ ಇನ್ನೊಂದು ತುದಿ ಒಳಗೈತಿ.
ಅಲ್ಲಿಂದ ಕೈಯಿಂದ ಕೈಗೆ ಸುದ್ದಿ ದಾಟಿ,
ಕಡೀಕ ಮೊಳಿಪೆಟ್ಟಿಗಿ ಕಾಯೂ ಒಬ್ಬನ ಬೆನ್ನಿಗೆ
ಒಂದು ಸಣ್ಣ ಗುರುತು ಬೀಳತೈತಿ, ಫಾಸ್ಫೇಟು,
ಬಕಾರದ ಹೊಟ್ಟಿ ಸೀಳಿದಷ್ಟ.
ಅಲ್ಪಪ್ರಾಣ ಇದ್ದಾಂವ ಮಹಾಪ್ರಾಣ ಆಗಿ ಏಳತಾನ,
ಬೀಗ ತೆಗೀತಾನ, ಪುಟ ಕಟ್ಟಸ್ತಾನ.

‘ಮೊಳಿ ಹೊಸಾವೇನು?’
ಅಲ್ಲ. ದಾದಾನ ಕಡಿಂದ, ದಾದಿ ಕಡಿಂದ ಬಂದಾವು. ಅವ ಅದಾವು.
‘ಮತ್ತ ಬದಲಾದದ್ದೇನು?’
ಯಾವ ಪುಟ ಅಚ್ಚಿಗೆ ಹೋಗೂದು, ಎಷ್ಟು ಪ್ರತಿ, ಅದು.
‘ಬಾಗಿಲಾ ಎಷ್ಟು?’
ಹದಿನಾಕು ನಮೂನಿ ಅಂತಾರ.
ಕೆಲವು ಹೊಡಿ ಅಂತಾವು, ಕೆಲವು ನಿಂದ್ರಸು ಅಂತಾವು.
ನಿಂದ್ರಸು ಅನ್ನೂವು ಒದರಿ ಒದರಿ ಬ್ಯಾಸತ್ತು
ಸುಮ್ಮನಾಗಬೇಕು ಮೊದಲ,
ಅದಕ್ಕ ಮೂರು ವಾರ ಅಂತ ಕೆಲವರ ಅಂಬೋಣ.
ಖಾತ್ರಿ ಯಾರಿಗೂ ಇಲ್ಲ, ಅಬ್ಬಾ.

ಪ್ರೆಸ್ಸು ಮುಚ್ಚಿದ ವರ್ಷ
ಮೊಳಿ ಎಲ್ಲಾ ಸೀಸದ ರೇಟಿಗೆ ಹೋದವು, ಕಿಲೋ ಲೆಕ್ಕದಾಗ.
ಅಕ್ಷರಕ್ಕ ತೂಕ ಐತಿ ಅಂತ ಆವತ್ತ ಗೊತ್ತಾತು, ಅಂದಿದ್ದ.
ನಕ್ಕಿದ್ದ ಸೈತ.
ಆಮ್ಯಾಲ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ.

ಮೇಡಮ್ಮಾರು ಹೇಳ್ತಾರ:
ಇಲಿ ಸುದ್ದಿ ತಂದು ಮನಿಷ್ಯಾಗ ಹಚ್ಚಬ್ಯಾಡ.
ಖರೆ. ಅಬ್ಬಾನ ತಲಿಯೊಳಗಿನ ಚುಕ್ಕಿ
ಎಣಿಸಾಕ ಬರೂದಿಲ್ಲ.
ತೊಂಬತ್ತನೇ ನಿಮಿಷಕ್ಕ ನನ್ನ ಇಲಿ ಸತ್ತಿರತೈತಿ.
ಅದಕ್ಕ ಹಗುರಾತೋ ಇಲ್ಲೋ
ಕೇಳಿದವರಿಲ್ಲ. ನಾನೂ ಕೇಳಿಲ್ಲ.

ಇಪ್ಪತ್ನಾಕನೇ ದಿನ. ಬೆಟಗೇರಿ ಬಸ್‌ಸ್ಟ್ಯಾಂಡು, ಚುರುಕು ಬಿಸಿಲು.
ಗ್ವಾಡಿಗೆ ಹಚ್ಚಿದ ಹಾಳಿ:
ಉಚಿತ ನೇತ್ರ ತಪಾಸಣಾ ಶಿಭಿರ.
ಅಬ್ಬಾ ನಿಂತ.
ಬಸ್ಸು ಬಂತು, ಹೋತು.
‘ಯಾಂವ ಹೊಡದಾನ ಇದನ್ನ?
ಸಾದಾ ಬ ಸಾಕಿತ್ತು. ಸುಮ್ಮಸುಮ್ಮನ ಹೊಟ್ಟಿ ಸೀಳ್ಯಾರ.’

ದನಿಯೊಳಗ ಸಿಟ್ಟಿತ್ತು. ಎಷ್ಟು ತಿಂಗಳಾಗಿತ್ತು ಕೇಳಿ.
ಗುಳಿಗಿದೋ, ಬಿಸಿಲಿಂದೋ, ಆ ತಪ್ಪಿಂದೋ,
ನಂಗ ತಿಳೀಲಿಲ್ಲ.
ಅಂವ ಉಗುರಿನ ತುದಿಯಿಂದ ಆ ಸೀಳಿನ ಗೀಟು ಕೆರದ.
ಕರೀದೊಂದು ಚೂರು ಕಾಗದ
ಕಿತ್ತು ಅವನ ಉಗುರಿಗೆ ಬಂತು.

ನಾ ಎಣಿಸಿದೆ: ಒಂದು.